ಅಬು ಯೂಸುಫರ ಮೀನಿನ ಪೆಟ್ಟಿಗೆ

ಟಿ. ನರಸೀಪುರದ ಅಗ್ರಹಾರದಲ್ಲಿ ಹುಟ್ಟಿ, ಈರುಳ್ಳಿ ಹೆಚ್ಚಿದ ಚಾಕುವನ್ನೂ ಬೇರೆ ಇಡುವ ಮನೆಯಲ್ಲಿ ಬೆಳೆದ ನಾನು ಪೆಸಿಫಿಕ್ ಸಾಗರದಲ್ಲಿ ಮೀನು ಹಿಡಿಯುವ ಪ್ರವಾಸವೊಂದಕ್ಕೆ ಮೊದಲಿಂದ ಕೊನೆಯವರೆಗೆ ಏರ್ಪಾಟು ಮಾಡಿಕೊಟ್ಟೆ ಅಂದರೆ ನಮ್ಮ ಚಿಕ್ಕಪ್ಪ ಇವತ್ತಿಗೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಅದಕ್ಕಾಗಿ ನಾನು ಮಾಡಿದ ಪಟ್ಟಿ ಇನ್ನೂ ನನ್ನ ಹತ್ತಿರ ಭದ್ರವಾಗಿದೆ. ಮೂವತ್ತೊಂದು ಸಾಲು, ಅಚ್ಚುಕಟ್ಟಾಗಿ ಟೈಪ್ ಮಾಡಿದ್ದು. ಒಂದು ಮೂಲೆಯಲ್ಲಿ ಸ್ವಲ್ಪ ಸಿಗಡಿ ವಾಸನೆ ಬರುತ್ತದೆ.

ನನ್ನ ಹೆಸರು ಲಕ್ಷ್ಮೀನರಸಿಂಹ. 1990ರಲ್ಲಿ ನಾನು ಕುವೈತಿನ ಬ್ನೇದ್ ಅಲ್ ಗಾರ್‌ನಲ್ಲಿ, ನೀರಿನ ಪಂಪು ತರಿಸಿ ಮಾರುವ ಸಣ್ಣ ಕಂಪನಿಯೊಂದರಲ್ಲಿ ಸೆಕ್ರೆಟರಿ. ಸೆಕ್ರೆಟರಿ ಅಂದರೆ ಪತ್ರ, ಟೆಲೆಕ್ಸ್, ಟಿಕೆಟ್ಟು, ಯಜಮಾನರ ಸಕ್ಕರೆ ಕಾಯಿಲೆಯ ಮಾತ್ರೆ, ಎಲ್ಲವೂ ನನ್ನ ತಲೆಗೇ. ಯಜಮಾನರು ಅಬು ಯೂಸುಫ್. ಅರವತ್ತಕ್ಕೆ ಎರಡು ಕಡಿಮೆ ವಯಸ್ಸು, ಬಾಗಿಲಗಲದ ಮೈ, ಬಾಯಿ ತುಂಬ ಬೊಂಬಾಯಿ ಹಿಂದಿ. ಹುಡುಗರಾಗಿದ್ದಾಗ ಅಪ್ಪನ ಹಾಯಿಹಡಗಿನಲ್ಲಿ ಬೊಂಬಾಯಿ, ಮಂಗಳೂರು ಸುತ್ತಿ ಬಂದವರು. ಶುಕ್ರವಾರ ಸಮುದ್ರಕ್ಕೆ ಹೋಗಿ ಗಾಳ ಹಾಕದಿದ್ದರೆ ಅವರಿಗೆ ಶನಿವಾರ ಕಂಪನಿ ನಡೆಸುವುದಕ್ಕೆ ಕೈ ಬರುತ್ತಿರಲಿಲ್ಲ.

ಅವರದೊಂದು ಮೀನಿನ ಪೆಟ್ಟಿಗೆ ಇತ್ತು. ಹಸಿರು ಬಣ್ಣದ ತಗಡಿನ ಪೆಟ್ಟಿಗೆ. ಒಳಗೆ ಗಾಳ, ದಾರ, ಸೀಸದ ಗುಂಡು, ಚಾಕು, ಮತ್ತು ಮೂವತ್ತು ವರ್ಷ ಸಿಗಡಿ ಕತ್ತರಿಸಿದ ವಾಸನೆ. ಆಫೀಸಿನ ಹಿಂದಿನ ಸ್ಟೋರಿನಲ್ಲಿ ಅದರ ವಾಸ. ಸ್ಟೋರಿಗೆ ಹೋಗಬೇಕಾದರೆ ನಾನು ಮೂಗು ಮುಚ್ಚಿಕೊಂಡು ಅದನ್ನು ಸುತ್ತು ಬಳಸಿ ಹೋಗುತ್ತಿದ್ದೆ. ಅದನ್ನು ನೋಡಿ ಅಬು ಯೂಸುಫರಿಗೆ ಎಲ್ಲಿಲ್ಲದ ನಗು.

"ಯಾ ನರಸಿಂಹ, ಒಂದು ದಿನ ಆ ಪೆಟ್ಟಿಗೆಯೊಳಗೆ ನಿನ್ನ ಕೈ ಹಾಕಿಸದಿದ್ದರೆ ನನ್ನ ಹೆಸರು ಬದಲಾಯಿಸು," ಅನ್ನುತ್ತಿದ್ದರು.

ಏಳು ವರ್ಷದಿಂದ ಅದೇ ಮಾತು. ಶನಿವಾರ ಎಲ್ಲರಿಗೂ ಮೀನು ಹಂಚುವಾಗ ನನ್ನ ಮೇಜಿನ ಮೇಲೂ ಒಂದು ಪೊಟ್ಟಣ ಇಡುತ್ತಿದ್ದರು. ನಾನು "ಶುಕ್ರನ್" ಎಂದು ಅರಬ್ಬಿಯಲ್ಲಿ ಥ್ಯಾಂಕ್ಸ್ ಹೇಳಿ, ಬೆರಳು ತಾಗದ ಹಾಗೆ ಪೆನ್ಸಿಲಿನಿಂದ ಅದನ್ನು ಜೊತೆಯವನಾದ ಭೋಜನ ಕಡೆಗೆ ತಳ್ಳುತ್ತಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಭೋಜ ನಮ್ಮ ಸ್ಟೋರ್‌ಕೀಪರ್. ಮಲ್ಪೆ ಕಡೆಯವನು, ತಲೆತಲಾಂತರದಿಂದ ಮೀನು ಹಿಡಿಯುವ ಮನೆತನ. ನಾನು, ಭೋಜ, ಕಂಪನಿಯ ಪಿಕಪ್ ಓಡಿಸುವ ಡೋಲ್ಫಿ, ಮೂವರೂ ಅಬ್ಬಾಸಿಯಾದ ಒಂದೇ ಕೋಣೆಯಲ್ಲಿದ್ದೆವು. ನನ್ನ ಸ್ಟೌವು ಕಿಟಕಿ ಹತ್ತಿರ, ಅವರದು ಬಾಗಿಲ ಹತ್ತಿರ, ನಡುವೆ ನಾನು ಸೀಮೆಸುಣ್ಣದಲ್ಲಿ ಎಳೆದ ಗೆರೆ. ಭೋಜ ನನ್ನನ್ನು ಕರೆಯುತ್ತಿದ್ದುದು "ಭಟ್ರೇ" ಅಂತ. ನಮ್ಮ ವಂಶದಲ್ಲೇ ಯಾರೂ ಭಟ್ಟರಿಲ್ಲ ಮಾರಾಯ ಎಂದು ಎಷ್ಟು ಸಲ ಹೇಳಿದರೂ ಅಷ್ಟೇ. ಜನಿವಾರ ಕಂಡರೆ ಅವನಿಗೆ ಎಲ್ಲರೂ ಭಟ್ರೇ.

ಇನ್ನು ಪೆಸಿಫಿಕ್ ಎಲ್ಲಿಂದ ಬಂತು ಅಂದರೆ, ಒಂದು ಫೋಟೋದಿಂದ. ಅಬು ಯೂಸುಫರ ಗೆಳೆಯರೊಬ್ಬರು ಅಮೆರಿಕದ ಕಡೆ ಎಲ್ಲೋ ಹೋಗಿ, ತಮ್ಮಷ್ಟೇ ಎತ್ತರದ ಮೀನಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಬಂದು ದಿವಾನಿಯಾದಲ್ಲಿ ನೇತುಹಾಕಿದರು. ದಿವಾನಿಯಾ ಅಂದರೆ ಸಂಜೆ ಗಂಡಸರೆಲ್ಲ ಸೇರಿ ಚಹಾ ಕುಡಿದು ಹರಟುವ ಕೋಣೆ. ಪ್ರತಿದಿನ ಆ ಫೋಟೋದ ಕೆಳಗೆ ಕೂತು ಚಹಾ ಕುಡಿಯುವುದು ಅಬು ಯೂಸುಫರಿಗೆ ಸಹಿಸಲಾಗಲಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ನನ್ನ ಮೇಜಿಗೆ ಬಂದು ಕೈಯೂರಿ ನಿಂತರು.

"ಜಗತ್ತಿನಲ್ಲಿ ಅವನ ಮೀನಿಗಿಂತ ದೊಡ್ಡ ಮೀನು ಎಲ್ಲಿದೆ ಹುಡುಕು. ನಾನು ಹೋಗಬೇಕು. ಜುಲೈ ಮುಗಿಯುವುದರೊಳಗೆ."

"ನಾನಾ ಸರ್? ಮೀನಾ?"

"ಹಿಡಿಯುವವನು ನಾನು. ನೀನು ಹುಡುಕು ಸಾಕು. ಯಲ್ಲಾ, ಬೇಗ."

ನನಗೂ ಜುಲೈ ಬೇಗ ಮುಗಿಯಬೇಕಿತ್ತು. ಆಗಸ್ಟ್ ಐದಕ್ಕೆ ನನ್ನ ರಜೆ. ಎರಡು ವರ್ಷದ ಹಿಂದೆ ರಜೆ ಮುಗಿಸಿ ಬಂದ ಮೇಲೆ ನನ್ನ ಹೆಂಡತಿ ಸರೋಜ ಬಸುರಿ ಅಂತ ತಿಳಿಯಿತು. ಮಗಳು ಚಿನ್ಮಯಿ ಹುಟ್ಟಿ, ಮಗುಚಿ, ಅಂಬೆಗಾಲಿಟ್ಟು, ಈಗ ಗೋಡೆ ಹಿಡಿದು ನಡೆಯುತ್ತಿದ್ದಳಂತೆ. ಇದೆಲ್ಲ ನಾನು ಕಾಗದದಲ್ಲಿ ಓದಿದ್ದು. ಹನ್ನೆರಡು ತಿಂಗಳ ಮಗುವಿಗೆ ನಾನು ಒಂದು ಫೋಟೋ, ನನಗೆ ಅವಳು ಮೂರು ಫೋಟೋ. ನಾನು ಬರುವವರೆಗೆ ಕಿವಿ ಚುಚ್ಚಿಸುವುದಿಲ್ಲ ಎಂದು ಸರೋಜ ಹಟ ಹಿಡಿದು ಕೂತಿದ್ದಳು. ಆದರೆ ನಾನು ಹೋಗಬೇಕಾದರೆ ಪಾಸ್‌ಪೋರ್ಟ್ ಬೇಕು, ಅದು ಇರುವುದು ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ, ಅಬು ಯೂಸುಫರ ತಿಜೋರಿಯಲ್ಲಿ. ಕಂಪನಿಗೆ ಸೇರಿದ ದಿನವೇ ಪಾಸ್‌ಪೋರ್ಟ್ ಒಪ್ಪಿಸುವುದು, ರಜೆಗೆ ಹೊರಡುವಾಗ ಕೈಗೆ ಬರುವುದು. ಅಲ್ಲಿ ಎಲ್ಲರಿಗೂ ಹಾಗೇ. ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ, ನಾನೂ ಕೇಳಿರಲಿಲ್ಲ.

ಸರಿ, ಹುಡುಕಿದೆ. ಮಾಡುವ ಕೆಲಸ ಯಾವುದೇ ಆಗಲಿ, ಅರೆಬರೆ ಮಾಡಿ ನನಗೆ ಅಭ್ಯಾಸವಿಲ್ಲ. ಲೈಬ್ರರಿಯಿಂದ ಭೂಪಟ ತಂದೆ, ಹಳೇ ಮ್ಯಾಗಜೀನು ತಂದೆ, ಹತ್ತು ಕಡೆ ಟೆಲೆಕ್ಸ್ ಕಳಿಸಿದೆ. ಮೆಕ್ಸಿಕೋ, ಪನಾಮಾ, ಕೋಸ್ಟರಿಕಾ. ಒಂದು ತಿಂಗಳಲ್ಲಿ ಬೆನ್ನ ಮೇಲೆ ಹಾಯಿಯಂಥ ರೆಕ್ಕೆ ಇರುವ ಸೈಲ್‌ಫಿಶ್ ಯಾವುದು, ಕತ್ತಿಮೂತಿಯ ಮಾರ್ಲಿನ್ ಯಾವುದು ಎಂದು ಕಣ್ಣು ಮುಚ್ಚಿಕೊಂಡು ಹೇಳುವ ಹಾಗಾದೆ. ನಮ್ಮಪ್ಪ ಬದುಕಿದ್ದರೆ ಸ್ನಾನ ಮಾಡಿಸುತ್ತಿದ್ದರು. ಕೊನೆಗೆ ಕೋಸ್ಟರಿಕಾದ ಉತ್ತರದ ದಂಡೆಯಲ್ಲಿ ದೋಣಿ ಬಾಡಿಗೆಗೆ ಕೊಡುವ ಒಂದು ಲಾಡ್ಜು ಗೊತ್ತಾಯಿತು. ಸಲಹೆಗೆ ಭೋಜನನ್ನು ಕೂರಿಸಿಕೊಂಡೆ.

"ಅಲ್ಲಿ ಜುಲೈಯಲ್ಲಿ ಎಂತ ಸೀಸನ್ ಭಟ್ರೇ?"

"ಮಳೆಗಾಲವಂತೆ ಕಣೋ."

ಭೋಜ ಎದ್ದೇ ನಿಂತ. "ಮಳೆಗಾಲದಲ್ಲಿ ಕಡಲಿಗೆ ಇಳಿಯುದಾ? ಆಟಿ ತಿಂಗಳಲ್ಲಿ? ನಮ್ಮಲ್ಲಿ ನೂಲ ಹುಣ್ಣಿಮೆ ಕಳೀದೆ, ಕಡಲಿಗೆ ತೆಂಗಿನಕಾಯಿ ಬಿಡದೆ, ಒಬ್ಬನೂ ದೋಣಿ ಮುಟ್ಟುದಿಲ್ಲ. ಈ ಸಲ ಹುಣ್ಣಿಮೆ ಆಗಸ್ಟ್ ಆರಕ್ಕೆ. ಆಮೇಲೆ ಕಳಿಸಿ."

ಆರಕ್ಕೆ ಕಳಿಸಿದರೆ ನನ್ನ ರಜೆ ಗೋತಾ. ಮತ್ತೆ ಟೆಲೆಕ್ಸ್ ಮಾಡಿದೆ. ಆ ದಂಡೆಯಲ್ಲಿ ಮಳೆಗಾಲದಲ್ಲೇ ಗಾಳಿ ಇಳಿಯುವುದು, ಬೆಳಗಿನ ಹೊತ್ತು ಸಮುದ್ರ ತೆಪ್ಪಗಿರುತ್ತದೆ, ಮೀನು ಹತ್ತಿರ ಬರುತ್ತದೆ, ಮಳೆ ಏನಿದ್ದರೂ ಮಧ್ಯಾಹ್ನದ ಮೇಲೆ ಅಂತ ಉತ್ತರ ಬಂತು. ಭೋಜ ಆ ಕಾಗದವನ್ನು ಎರಡು ಸಲ ಓದಿಸಿಕೊಂಡ. "ಕಡಲಿಗೆ ಇಂಗ್ಲಿಷ್ ಬರ್ತದಾ?" ಎಂದು ಕೇಳಿದ. ಕಡೆಗೆ ಒಂದು ರಾಜಿಯಾಯಿತು. ಪಟ್ಟಿಯಲ್ಲಿ ಒಂಬತ್ತನೇ ಸಾಲು: ತೆಂಗಿನಕಾಯಿ ಒಂದು, ನೀರಿಗಿಳಿಯುವ ಮುಂಚೆ ಬಿಡತಕ್ಕದ್ದು. ಅಬು ಯೂಸುಫರು ಬೇಡ ಅಂದಾರು ಎಂದು ನನಗೆ ಹೆದರಿಕೆ. ಅವರು ಓದಿ, "ಮಂಗಳೂರಲ್ಲಿ ನೋಡಿದ್ದೇನೆ. ನಿಮ್ಮ ಸಮುದ್ರದ ಜನ ಖುಷಿಯಾಗಲಿ ಬಿಡು," ಎಂದು ಟಿಕ್ ಹಾಕಿದರು.

ಅದೇ ಟೆಲೆಕ್ಸಿನಲ್ಲಿ ಇನ್ನೆರಡು ಸಂಗತಿ ಇದ್ದವು. ಒಂದು, ಹಿಡಿದ ಸೈಲ್‌ಫಿಶ್ ಅನ್ನು ಫೋಟೋ ತೆಗೆದು ಮತ್ತೆ ನೀರಿಗೆ ಬಿಡಬೇಕು. ಭೋಜ, "ಬಿಡ್ಲಿಕ್ಕೆ ಅಷ್ಟು ದೂರ ಹೋಗುದಾ!" ಎಂದು ತಲೆ ಚಚ್ಚಿಕೊಂಡ. ನನಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ, ನನ್ನ ತಲೆಯ ಮೇಲಿನ ಪಾಪ ಇಳಿಯಿತಲ್ಲ. ಇನ್ನೊಂದು, ಗಾಳ ದಾರ ಎಲ್ಲ ಅಲ್ಲೇ ಕೊಡುತ್ತಾರೆ, ನಿಮ್ಮದು ತರಬೇಡಿ. ಅಬು ಯೂಸುಫರು ತಮ್ಮ ಹಸಿರು ಪೆಟ್ಟಿಗೆಯನ್ನು ಬಿಟ್ಟುಹೋಗುವುದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಪಟ್ಟಿಯ ಹದಿನೇಳನೇ ಸಾಲು ನಾನು ಬೇಕೆಂದೇ ಹಾಕಿದ್ದು: ತಿಜೋರಿಯ ಕೀಲಿ, ಯಾರ ಕೈಯಲ್ಲಿ? ಏಳು ವರ್ಷ ಒಂದು ಕಾಗದ ಆಚೀಚೆ ಮಾಡದೆ ದುಡಿದವನು ನಾನು. ಯಾರ ಕೈಯಲ್ಲಿ ಅಂದರೆ ನನ್ನ ಕೈಯಲ್ಲಿ ಎಂದು ಅವರ ಬಾಯಲ್ಲೇ ಬರಲಿ ಎಂದು ಕಾದೆ. ಅವರು ಪಟ್ಟಿ ತೆಗೆದುಕೊಂಡು, ಆ ಸಾಲಿಗೂ ಒಂದು ಟಿಕ್ ಹಾಕಿ, ಪಟ್ಟಿಯನ್ನೇ ಜೇಬಿಗೆ ಸೇರಿಸಿದರು. ಕೀಲಿ ಕೊಡಲಿಲ್ಲ. ಡೋಲ್ಫಿಗೆ ಕೊಟ್ಟಿರಬೇಕು ಅಂದುಕೊಂಡೆ. ಅವನು ಅವರ ಕಾರನ್ನೂ ಓಡಿಸುತ್ತಾನೆ, ಜೊತೆಗೆ ಮೀನೂ ತಿನ್ನುತ್ತಾನೆ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

"ಸರ್, ನನ್ನ ಪಾಸ್‌ಪೋರ್ಟ್?" ಎಂದು ಕೇಳಿದೆ.

"ಖಲಾಸ್. ಎಲ್ಲ ಆಗಿದೆ," ಅಂದರು.

ಆಗಿದೆ ಅಂದರೆ ಸರಕಾರಿ ಕಾಗದಪತ್ರಕ್ಕೆ ಓಡಾಡುವ ನಮ್ಮ ಮಂದೂಬ್ ತಂದುಕೊಡುತ್ತಾನೆ ಅಂತ ನಾನು ಅರ್ಥ ಮಾಡಿಕೊಂಡೆ.

ಜುಲೈ 28ಕ್ಕೆ ಅಬು ಯೂಸುಫರು ಹೊರಟರು. ವಿಮಾನ ನಿಲ್ದಾಣದಲ್ಲಿ ಡೋಲ್ಫಿ ಕಾರು ನಿಲ್ಲಿಸಲು ಹೋಗಿದ್ದಾಗ ನನ್ನ ಹೆಗಲ ಮೇಲೆ ಕೈ ಹಾಕಿ, ಕಣ್ಣು ಮಿಟುಕಿಸಿ ಹೇಳಿದರು: "ನಿನ್ನ ರಜೆಗೆ ಉಡುಗೊರೆ. ಹಸಿರು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಬೇರೆಯವರ ಕೈಯಲ್ಲಿ ತೆಗೆಸಬೇಡ. ನೀನೇ ಕೈ ಹಾಕಬೇಕು."

"ಶುಕ್ರನ್ ಸರ್," ಅಂದೆ. ಒಳಗೇನಿದೆ ಎಂದು ನನಗೆ ಗೊತ್ತಿರಲಿಲ್ಲವೇ? ಹೋದ ಸಲ ರಜೆಗೆ ಹೊರಟಾಗಲೂ "ಮೇಡಮ್‌ಗೆ" ಎಂದು ಪೇಪರಿನಲ್ಲಿ ಸುತ್ತಿ ಒಂದು ಮೊಳ ಉದ್ದದ ಒಣಮೀನು ಕೊಟ್ಟಿದ್ದರು. ಅದನ್ನು ಭೋಜನಿಗೆ ದಾಟಿಸುವಷ್ಟರಲ್ಲಿ ನನ್ನ ಹೊಸ ಸೂಟ್‌ಕೇಸು ಕೆಟ್ಟಿತ್ತು. ಈ ಸಲ ಪೆಟ್ಟಿಗೆಯ ಹತ್ತಿರವೇ ಸುಳಿಯಲಿಲ್ಲ. ಭೋಜನಿಗೂ ಹೇಳಲಿಲ್ಲ, ಹೇಳಿದರೆ ಅದನ್ನು ಕೋಣೆಗೆ ತಂದು ಹುರಿದಾನು.

ಆಗಸ್ಟ್ ಒಂದನೇ ತಾರೀಖು ಮಂದೂಬ್‌ನನ್ನು ಹಿಡಿದು ಪಾಸ್‌ಪೋರ್ಟ್ ಕೇಳಿದರೆ, "ನನ್ನ ಹತ್ತಿರ ಎಲ್ಲಿದೆ? ಸೀಲು ಹಾಕಿಸಿ ಹತ್ತು ದಿನದ ಹಿಂದೆಯೇ ಅಬು ಯೂಸುಫರ ಕೈಗೆ ಕೊಟ್ಟೆ," ಅಂದ. ಪಾಸ್‌ಪೋರ್ಟ್ ತಿಜೋರಿಯಲ್ಲಿ, ಕೀಲಿ ಎಲ್ಲೋ, ಯಜಮಾನರು ಪೆಸಿಫಿಕ್‌ನಲ್ಲಿ. ಮೂರು ಸಾಲಿನ ಖಾರವಾದ ಟೆಲೆಕ್ಸ್ ಬರೆದಿಟ್ಟೆ, ಬೆಳಿಗ್ಗೆ ಕಳಿಸೋಣ ಎಂದು.

ಬೆಳಿಗ್ಗೆ ಕಳಿಸಲು ಕುವೈತ್ ಕುವೈತಾಗಿ ಉಳಿದಿರಲಿಲ್ಲ. ಗುರುವಾರ ನಸುಕಿನಲ್ಲಿ ದಡದಡ ಸದ್ದಾದಾಗ ಭೋಜ ನಿದ್ದೆಗಣ್ಣಲ್ಲಿ, "ಆಟಿಯ ಗುಡುಗು ಭಟ್ರೇ, ಮಲಗಿ," ಅಂದ. ಗುಡುಗಲ್ಲ, ಇರಾಕಿನ ಟ್ಯಾಂಕುಗಳು. ವಿಮಾನ ಇಲ್ಲ, ಫೋನ್ ಇಲ್ಲ, ಆಫೀಸಿಲ್ಲ. ನಾನು ಸೂಟ್‌ಕೇಸು ಕಟ್ಟಿ, ಮೇಲೆ ಚಿನ್ಮಯಿಯ ಫ್ರಾಕಿನ ಪೊಟ್ಟಣ ಇಟ್ಟು, ಮಂಚದ ಪಕ್ಕದಲ್ಲಿ ನಿಲ್ಲಿಸಿದ್ದೆ. ಅದು ಹಾಗೇ ನಿಂತಿತ್ತು. ಐದನೇ ತಾರೀಖು ಬಂತು, ಹೋಯಿತು.

ಮನುಷ್ಯ ಯಾವುದಕ್ಕೂ ಒಗ್ಗಿಕೊಳ್ಳುತ್ತಾನೆ ಅನ್ನುವುದು ನಿಜ. ಎರಡು ವಾರದಲ್ಲಿ ನಾವು ಖುಬ್ಬೂಸ್ ರೊಟ್ಟಿಗೆ ಸಾಲು ನಿಲ್ಲುವುದರಲ್ಲಿ, ಗುಂಡಿನ ಸದ್ದಾದಾಗ ಮಗ್ಗುಲು ಬದಲಿಸುವುದರಲ್ಲಿ ಪಳಗಿದೆವು. ಮೀನು ಖಾಲಿ, ಕೋಳಿ ಖಾಲಿ, ಉಳಿದಿದ್ದು ನನ್ನ ತೊಗರಿಬೇಳೆ. ಸೀಮೆಸುಣ್ಣದ ಗೆರೆಯನ್ನು ಯಾರು ಅಳಿಸಿದರೋ ಗೊತ್ತಿಲ್ಲ, ನಾನಂತೂ ಮತ್ತೆ ಎಳೆಯಲಿಲ್ಲ. ಒಂದು ದಿನ ತಡೆಯಲಾರದೆ ಡೋಲ್ಫಿಯನ್ನು ಕೇಳಿಯೇ ಬಿಟ್ಟೆ.

"ನಿಜ ಹೇಳಿ ಡೋಲ್ಫಿ, ತಿಜೋರಿ ಕೀಲಿ ನಿಮ್ಮ ಹತ್ರ ಕೊಟ್ಟಿದಾರೆ ತಾನೆ?"

ಡೋಲ್ಫಿಗೆ ಸಿಟ್ಟು ನೆತ್ತಿಗೇರಿತು. "ಕೀ ನನ್ನತ್ರ ಇದ್ದಿದ್ರೆ ನಾನು ಇಲ್ಲಿ ನಿಮ್ಮ ಬೇಳೆಸಾರು ಕುಡೀತಾ ಕೂತ್ಕೊಳ್ತಿದ್ನಾ? ನನ್ನ ಪಾಸ್‌ಪೋರ್ಟೂ ಅಲ್ಲೇ ಉಂಟಲ್ಲ ಮಾರಾಯ್ರೆ!" ಅಂದಿನಿಂದ ನನ್ನ ಜೊತೆ ಮಾತು ಬಿಟ್ಟ. ನಾನು ಹಾಗೆ ಕೇಳಬಾರದಿತ್ತು.

ಆಗಸ್ಟ್ ಕೊನೆಗೆ ನಮ್ಮವರನ್ನು ಊರಿಗೆ ಸಾಗಿಸುವ ಬಸ್ಸುಗಳು ಹೊರಟವು. ಬಸ್ರಾ, ಬಾಗ್ದಾದ್, ಅಲ್ಲಿಂದ ಅಮ್ಮಾನ್, ಅಲ್ಲಿಂದ ವಿಮಾನ. ಪಾಸ್‌ಪೋರ್ಟ್ ಇದ್ದವರಿಗೆ ಒಂದು ಸಾಲು. ಇಲ್ಲದವರಿಗೆ ಬೇರೆ ಕಾಗದ ಮಾಡಿಕೊಡುತ್ತಾರಂತೆ, ಆ ಸಾಲಿಗೆ ಕೊನೆಯೇ ಇಲ್ಲ, ಗಡಿಯಲ್ಲಿ ವಾಪಸು ಕಳಿಸಿದರೂ ಕಳಿಸಿಯಾರು ಎಂದು ಮಾತು. ಅಬು ಯೂಸುಫರ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಆ ಮನುಷ್ಯ ತೆಂಗಿನಕಾಯಿ ಬಿಟ್ಟು ಮೀನಿನ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದಾನೆ, ಇಲ್ಲಿ ನನ್ನ ಮಗಳು ನಡೆಯುವುದು ಬಿಟ್ಟು ಓಡುವುದನ್ನೂ ಕಲಿತಾಳು ಎಂದು ಗೋಡೆಗೆ ಕೇಳುವ ಹಾಗೆ ಬೈದೆ.

ಅಷ್ಟರಲ್ಲಿ ಭೋಜ ಜ್ವರ ಬಂದು ಮಲಗಿದ. ನಾಲ್ಕು ದಿನ ಏನು ಕೊಟ್ಟರೂ ಸೇರದು. ಅಕ್ಕಿ ಹುಡುಕಿ ಗಂಜಿ ಮಾಡಿದೆ. ಎರಡು ಗುಟುಕು ಕುಡಿದು ಮುಖ ತಿರುಗಿಸಿದ.

"ಗಂಜಿಗೆ ಒಂದು ತುಂಡು ಒಣ ನಂಗ್ ಇದ್ದಿದ್ರೆ ನಾನು ಎದ್ದು ಕೂತ್ಕೊಳ್ತಿದ್ದೆ ಭಟ್ರೇ," ಅಂದ. ನಂಗ್ ಅಂದರೆ ಅವರ ಕಡೆಯ ಅಂಗೈಯಷ್ಟು ಚಪ್ಪಟೆ ಮೀನು. "ನೀವು ಬೇಜಾರು ಮಾಡ್ಬೇಡಿ. ಸುಮ್ಮನೆ ಬಾಯಿಗೆ ಬಂತು."

ಏಳು ವರ್ಷ ನನ್ನ ಬೇಳೆಯ ಪಾತ್ರೆಗೆ ಚಮಚ ಸೋಕಿಸದೆ ನಡೆದುಕೊಂಡವನು.

"ಒಂದು ಕಡೆ ಇದೆ ಕಣೋ," ಅಂದೆ. "ಒಣಮೀನು. ನನಗೆ ಅಂತಲೇ ಇಟ್ಟಿದ್ದು."

ಡೋಲ್ಫಿ ಮುನಿಸು ಮರೆತು ಪಿಕಪ್ ತೆಗೆದ. ಬ್ನೇದ್ ಅಲ್ ಗಾರ್ ತಲುಪುವವರೆಗೆ ಮೂರು ಕಡೆ ಸೈನಿಕರು ನಿಲ್ಲಿಸಿ ವಾಸದ ಪರವಾನಗಿ ಇಕಾಮಾ ನೋಡಿದರು. ಆಫೀಸಿನ ಗಾಜು ಒಡೆದಿತ್ತು. ಟೈಪ್‌ರೈಟರ್ ಇಲ್ಲ, ಟೆಲೆಕ್ಸ್ ಇಲ್ಲ, ಗೋಡೆಯಿಂದ ಏಸಿಯನ್ನೂ ಕಿತ್ತೊಯ್ದಿದ್ದರು. ತಿಜೋರಿ ಮಾತ್ರ ನೆಲಕ್ಕೆ ಕಚ್ಚಿಕೊಂಡು ಕೂತಿತ್ತು, ಬಾಗಿಲ ತುಂಬ ಹಾರೆ ಹಾಕಿದ ಗೀರು. ಡೋಲ್ಫಿ ಬೀದಿಯಲ್ಲಿ ಕಾವಲು ನಿಂತ. ನಾನು ಒಬ್ಬನೇ ಸ್ಟೋರಿಗೆ ಹೋದೆ. ಅಲ್ಲೂ ಎಲ್ಲ ಗುಡಿಸಿ ಒಯ್ದಿದ್ದರು. ಹಸಿರು ಪೆಟ್ಟಿಗೆ ಮಾತ್ರ ಇದ್ದಲ್ಲೇ ಇತ್ತು, ಆ ಬೇಸಿಗೆಯಲ್ಲಿ ಬೆಂದ ಅದರ ವಾಸನೆಗೆ ಯಾವ ಸೈನಿಕನೂ ಹತ್ತಿರ ಬಂದಿರಲಾರ.

ಮುಚ್ಚಳ ತೆಗೆದೆ. ಕಣ್ಣಲ್ಲಿ ನೀರು ಬಂತು, ವಾಸನೆಗೆ. ಮೇಲೆ ದಾರದ ಸುರುಳಿ, ಗಾಳಗಳು, ಕೊಳೆ ಬಟ್ಟೆ. ಮೀನು ಕಾಣಲಿಲ್ಲ. ಪೆನ್ಸಿಲು ಹುಡುಕೋಣ ಅಂದರೆ ಆಫೀಸಿನಲ್ಲಿ ಒಂದು ಪೆನ್ಸಿಲನ್ನೂ ಬಿಟ್ಟಿರಲಿಲ್ಲ. ಭೋಜನಿಗೋಸ್ಕರ ಎಂದು ಮನಸ್ಸಿನಲ್ಲಿ ಹೇಳಿಕೊಂಡು, ನರಸಿಂಹಸ್ವಾಮಿಯನ್ನು ನೆನೆದು, ಮೊಣಕೈವರೆಗೆ ಕೈ ಇಳಿಸಿದೆ. ತಳದಲ್ಲಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದು ಸಿಕ್ಕಿತು. ಅಂಗೈಯಷ್ಟು ಅಗಲ, ಚಪ್ಪಟೆ, ಗಟ್ಟಿ. ಹೋ, ನಂಗ್ ಮೀನೇ ಸಿಕ್ಕಿತಲ್ಲ ಅಂದುಕೊಂಡು ಮುಖ ಕಿವುಚಿ ಹೊರಗೆಳೆದೆ.

ನನ್ನ ಪಾಸ್‌ಪೋರ್ಟ್. ಒಳಗೆ ರಜೆಯ ಸೀಲು. ಅದರ ಜೊತೆ ದಾರದಲ್ಲಿ ಕಟ್ಟಿದ ಒಂದು ಕೀಲಿ. ಅದನ್ನೆಲ್ಲ ಸುತ್ತಿದ್ದು ನಾನೇ ಟೈಪ್ ಮಾಡಿದ ಪಟ್ಟಿ. ಹದಿನೇಳನೇ ಸಾಲಿನಲ್ಲಿ, ಯಾರ ಕೈಯಲ್ಲಿ ಎಂಬ ನನ್ನ ಪ್ರಶ್ನೆಯ ಮುಂದೆ, ಅಬು ಯೂಸುಫರು ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು: ನಿನ್ನ ಕೈಯಲ್ಲಿ. ಇನ್ನು ಯಾರ ಕೈಯಲ್ಲಿ?

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ. ಆ ನಾರುವ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು ಅತ್ತೆ. ನಾಚಿಕೆಯಾಯಿತು. ಬೈದ ಒಂದೊಂದು ಬೈಗುಳವೂ ನೆನಪಿಗೆ ಬಂತು. ಜುಲೈ 28ರಂದೇ ಒಂದು ಸಲ ಕೈ ಹಾಕಿದ್ದರೆ ಎಲ್ಲ ಕೈಯಲ್ಲಿರುತ್ತಿತ್ತು, ಗಟ್ಟಿ ಮನಸ್ಸು ಮಾಡಿ ನಾಲ್ಕೈದು ದಿನ ಮುಂಚೆ ಹೊರಟಿದ್ದರೆ ಮಗಳ ಹತ್ತಿರವೇ ಇರುತ್ತಿದ್ದೆ.

ಡೋಲ್ಫಿ ಹೊರಗಿನಿಂದ, "ಸಿಕ್ತಾ? ಬೇಗ!" ಎಂದು ಕೂಗಿದ. ಎದ್ದು ತಿಜೋರಿ ತೆಗೆದೆ. ಭೋಜನದು, ಡೋಲ್ಫಿಯದು, ಇನ್ನುಳಿದವರದು, ಒಟ್ಟು ಎಂಟು ಪಾಸ್‌ಪೋರ್ಟ್. ಎಲ್ಲವನ್ನೂ ಹಸಿರು ಪೆಟ್ಟಿಗೆಯ ತಳಕ್ಕೆ ಹಾಕಿ, ಮೇಲೆ ಕೊಳೆ ಬಟ್ಟೆ ಮುಚ್ಚಿ, ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪಿಕಪ್‌ನಲ್ಲಿ ಕೂತೆ. ಮೊದಲನೇ ತಡೆಯಲ್ಲಿ ಒಬ್ಬ ಸೈನಿಕ ಬಂದೂಕಿನ ಮೂತಿಯಿಂದ ಮುಚ್ಚಳ ಎತ್ತಿದವನು ಎರಡು ಹೆಜ್ಜೆ ಹಿಂದಕ್ಕೆ ಹಾರಿ, "ಯಲ್ಲಾ, ಯಲ್ಲಾ!" ಎಂದು ಕೈ ಬೀಸಿದ. ಆ ವಾಸನೆ ನನಗೆ ಅಷ್ಟು ಹಿತವಾದದ್ದು ಅದೇ ಮೊದಲು.

ಭೋಜ ಮಲಗಿದ್ದಲ್ಲಿಂದಲೇ ಕೈ ಚಾಚಿದ. "ಮೀನೆಲ್ಲಿ ಭಟ್ರೇ?"

"ಇದೇ," ಎಂದು ಅವನ ಪಾಸ್‌ಪೋರ್ಟ್ ಅವನ ಕೈಯಲ್ಲಿಟ್ಟೆ.

ಅವನು ಅದನ್ನೂ ನನ್ನನ್ನೂ ನೋಡಿದ. ಆಮೇಲೆ ಮೂಗಿಗೆ ಹಿಡಿದು, "ವಾಸನೆ ಉಂಟು," ಅಂದ. ಎಡಗೈಯಲ್ಲಿ ಪಾಸ್‌ಪೋರ್ಟ್ ಮೂಸುತ್ತ ಬಲಗೈಯಲ್ಲಿ ಒಂದು ಬಟ್ಟಲು ಗಂಜಿ ಪೂರ್ತಿ ಕುಡಿದ. ಮಾರನೇ ದಿನ ಎದ್ದು ಕೂತ.

ಪ್ರಯಾಣದ ಕಥೆ ಎಲ್ಲರೂ ಹೇಳುವಂಥದ್ದೇ: ಧೂಳು, ಬಿಸಿಲು, ಡೇರೆ, ಸಾಲು. ನಮ್ಮದರಲ್ಲಿ ಒಂದೇ ವಿಶೇಷ. ಪೆಟ್ಟಿಗೆಯನ್ನು ಬಿಟ್ಟು ಬರಲು ನಾನು ಒಪ್ಪಲಿಲ್ಲ, ಹಾಗಾಗಿ ಬಸ್ಸಿನಲ್ಲಿ ನಮ್ಮ ಸುತ್ತಲಿನ ಸೀಟುಗಳು ಖಾಲಿಯಿದ್ದು ಭೋಜ ಕಾಲು ಚಾಚಿ ಮಲಗಿ ಬಂದ. ಸೆಪ್ಟೆಂಬರ್ ಮೂರನೇ ವಾರ ಮನೆ ಮುಟ್ಟಿದೆ. ಚಿನ್ಮಯಿ ನನ್ನ ಗಡ್ಡ ನೋಡಿ ಹೌಹಾರಿ ಅತ್ತು, ಸರೋಜಳ ಸೀರೆಯ ಹಿಂದೆ ಅಡಗಿ, ಸಂಜೆಯ ಹೊತ್ತಿಗೆ ತಾನಾಗಿ ಬಂದು ನನ್ನ ಬೆರಳು ಹಿಡಿದಳು. ಸರೋಜ ಪೆಟ್ಟಿಗೆಯನ್ನು ಸೀಗೆಪುಡಿ ಹಾಕಿ ಮೂರು ಸಲ ತೊಳೆದು ಹಿತ್ತಲಿನಲ್ಲಿ ಇಟ್ಟಳು. ಆ ವಾರವೇ ಮಗಳ ಕಿವಿ ಚುಚ್ಚಿಸಿದೆವು.

ಒಂದು ವರ್ಷದ ಮೇಲೆ, 1991ರ ಅಕ್ಟೋಬರಿನಲ್ಲಿ, ಯುದ್ಧ ಮುಗಿದು ಅಬು ಯೂಸುಫರು ಮತ್ತೆ ಕುವೈತಿಗೆ ಕರೆಸಿಕೊಂಡರು. ಭೋಜ ಬರಲಿಲ್ಲ, ಮಲ್ಪೆಯಲ್ಲಿ ಅಣ್ಣನ ದೋಣಿಗೆ ಸೇರಿಕೊಂಡಿದ್ದ. ಹೊರಡುವ ಮುಂಚೆ ಅವನ ಮನೆಗೆ ಹೋಗಿ ಒಂದು ಪೊಟ್ಟಣ ಒಣ ನಂಗ್ ತೆಗೆದುಕೊಂಡೆ. ನಾನೇ, ಈ ಕೈಯಲ್ಲೇ, ಅದನ್ನು ಹಸಿರು ಪೆಟ್ಟಿಗೆಯೊಳಗೆ ಜೋಡಿಸಿದೆ. ಚಿಕ್ಕಪ್ಪ ನಂಬದ ಇನ್ನೊಂದು ವಿಷಯ ಇದು.

ಕುವೈತಿನ ಆಕಾಶದಲ್ಲಿ ಇನ್ನೂ ಎಣ್ಣೆ ಬಾವಿಗಳ ಹೊಗೆ ಇತ್ತು. ಸಮುದ್ರದಲ್ಲಿ ಮೈನುಗಳಿವೆ ಎಂದು ಯಾರೂ ದೋಣಿ ಇಳಿಸುತ್ತಿರಲಿಲ್ಲ. ಆಫೀಸಿನಲ್ಲಿ ತಿಜೋರಿ ಇದ್ದ ಜಾಗದಲ್ಲಿ ನಾಲ್ಕು ತೂತು ಮಾತ್ರ ಉಳಿದಿದ್ದವು. ಅಬು ಯೂಸುಫರು ಅರ್ಧಕ್ಕರ್ಧ ಇಳಿದುಹೋಗಿದ್ದರು. ನನ್ನನ್ನು ತಬ್ಬಿಕೊಂಡು, ಡ್ರಾಯರಿನಿಂದ ಒಂದು ಫೋಟೋ ತೆಗೆದು ತೋರಿಸಿದರು: ಅವರು, ಅವರಿಗಿಂತ ಉದ್ದದ ಹಾಯಿಮೀನು, ಕಾಲ ಹತ್ತಿರ ಒಂದು ತೆಂಗಿನಕಾಯಿ.

"ಅಲ್ಲಿ ಇನ್ನೂ ಆಗಸ್ಟ್ ಒಂದನೇ ತಾರೀಖು, ಮಧ್ಯಾಹ್ನ," ಅಂದರು. "ಫೋಟೋ ತೆಗೆದು ನೀರಿಗೆ ಬಿಟ್ಟೆವು. ದಡಕ್ಕೆ ಬಂದು ಟಿವಿ ನೋಡಿದೆ. ನೇತುಹಾಕಲು ಮನಸ್ಸಾಗಲಿಲ್ಲ."

"ಕಾಯಿ ಬಿಡಲಿಲ್ಲವಾ ಸರ್?"

"ಮರೆತೆ."

ಭೋಜನಿಗೆ ಇದನ್ನು ಹೇಳಬಾರದು ಎಂದು ಆಗಲೇ ತೀರ್ಮಾನಿಸಿದೆ.

ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, "ಕೈ ಹಾಕಿ ಸರ್. ನೀವೇ ಹಾಕಬೇಕು," ಅಂದೆ. ಅವರು ಮೊಣಕೈವರೆಗೆ ಕೈ ಇಳಿಸಿ ಪೊಟ್ಟಣ ತೆಗೆದು, ಮೂಸಿ, ಕಟ್ಟಡ ನಡುಗುವ ಹಾಗೆ ನಕ್ಕರು. ಅದರ ಜೊತೆ ಕಟ್ಟಿದ್ದ ಕೀಲಿಯನ್ನು ನೋಡಿದ ಮೇಲೆ ನಗು ನಿಂತಿತು. ತಿಜೋರಿಯೇ ಇಲ್ಲದ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಕಣ್ಣೊರೆಸಿಕೊಂಡರು.

ಆಮೇಲೆ ನಾನು ಎಲ್ಲರೂ ಮಾಡುವುದನ್ನು ಮಾಡಿದೆ. ಪಾಸ್‌ಪೋರ್ಟ್ ತೆಗೆದು ಅವರ ಮುಂದೆ ಇಟ್ಟೆ.

ಅಬು ಯೂಸುಫರು ಅದನ್ನು ಮುಟ್ಟಲಿಲ್ಲ. "ಶುಕ್ರನ್," ಎಂದು ಹೇಳಿ, ಮೇಜಿನ ಮೇಲಿದ್ದ ಪೆನ್ಸಿಲಿನಿಂದ ಅದನ್ನು ನಿಧಾನವಾಗಿ ನನ್ನ ಕಡೆಗೆ ತಳ್ಳಿದರು.